ಲಿಫ್ಟ್ ಬಾಗಿಲು ತೆಗೆಯೋವರೆಗೂ

ಲಿಫ್ಟಲ್ಲಿ ಸಿಕ್ಕಾಕ್ಕೊಂಡೋರು ಕೆಂಪು ಬಟನ್ ಒತ್ತಿದ್ರೆ "ಗಾಬರಿ ಬೇಡ, ನಾನಿದೀನಿ" ಅಂತ ಒಂದು ದನಿ ಬರುತ್ತಲ್ಲ, ಅದು ಅಕ್ಕಂದು. ಲಿಫ್ಟ್ ಕಂಪನಿ ಆಫೀಸಲ್ಲಿ ಎಲ್ಲರಿಗೂ ಅವಳು ಅಕ್ಕಾನೇ. ಮೊದಲು ಸ್ಕ್ರೀನ್ ಮೇಲೆ ಬಟನ್ ಒತ್ತಿ ಮೆಕ್ಯಾನಿಕ್‌ನ ಕಳಿಸೋದು, ಆಮೇಲೆ ಅವನು ಬಾಗಿಲು ತೆಗೆಯೋವರೆಗೂ ಒಳಗಿದ್ದೋರ ಜೊತೆ ಹರಟೆ ಹೊಡೆಯೋದು. ಹನ್ನೊಂದು ವರ್ಷದಿಂದ ಇದೇ ಕೆಲಸ.

ಬರೋ ಸೋಮವಾರದಿಂದ ಆ ಕೆಲಸ ಮೆಷಿನ್‌ದು. ಅಕ್ಕನ್ನ ಫೈಲ್ ರೂಮಿಗೆ ಹಾಕಿದಾರೆ.

ಪಕ್ಕದ ಸೀಟಿನವಳು, ಎಲ್ಲರೂ ಗಡಿಬಿಡಿ ಅಂತ ಕರೆಯೋಳು, ಭವಿಷ್ಯ ಹೇಳೋಕೆ ಕೂತಿದ್ಲು. "ನೋಡ್ತಿರು, ಇನ್ನೈದು ವರ್ಷಕ್ಕೆ ಮನುಷ್ಯರು ಮನುಷ್ಯರ ಜೊತೆ ಮಾತೇ ಆಡಲ್ಲ. ಗಂಡ ಹೆಂಡ್ತಿ ಜಗಳಾನೂ ಮೆಷಿನ್ನೇ ಆಡುತ್ತೆ."

"ನಿಮ್ಮನೇಲಾದ್ರೆ ಮೆಷಿನ್ನೇ ಸೋತು ಸುಣ್ಣ ಆಗುತ್ತೆ ಬಿಡೇ."

"ನಗು ನಗು. ನಿನ್ನ ಗಡಿಯಾರದೋರು ಏನ್ಮಾಡ್ತಾರೋ, ಪಾಪ!"

ಅಕ್ಕನ ಕಿವಿ ಬಿಸಿ ಆಯ್ತು. ಗಡಿಯಾರದೋರು ಅಂದ್ರೆ ಒಂದು ಹಳೇ ಬಿಲ್ಡಿಂಗಿನ ಆರನೇ ಮಹಡೀಲಿ ಗಡಿಯಾರ ರಿಪೇರಿ ಮಾಡೋ ಒಬ್ರು. ಅಲ್ಲಿನ ಲಿಫ್ಟು ತಿಂಗಳಿಗೆರಡು ಸಲ ಕೈ ಕೊಡುತ್ತೆ. ಎರಡು ವರ್ಷದ ಪರಿಚಯ. ಮುಖ ನೋಡಿಲ್ಲ, ಆಫೀಸ್ ರೂಲ್ ಪ್ರಕಾರ ನಂಬರ್ ಕೇಳೋಹಾಗಿಲ್ಲ. ಇವತ್ತು ಶುಕ್ರವಾರ, ಕೊನೇ ದಿನ. ಒಂದೇ ಒಂದ್ಸಲ ಆ ದರಿದ್ರ ಲಿಫ್ಟು ಕೆಡಲಪ್ಪಾ ಅಂತ ಅಕ್ಕ ಬೆಳಗ್ಗೆಯಿಂದ ಬೇಡ್ಕೋತಿದ್ಲು.

ನಾಲ್ಕು ಗಂಟೆಗೆ ಕೆಟ್ಟೇಬಿಡ್ತು.

"ಮೇಡಂ, ನಾನೇ. ಮತ್ತೆ ನೇತಾಡ್ತಿದೀನಿ."

ಅಕ್ಕನ ಬೆರಳು ಬಟನ್ ಹತ್ರ ಹೋಗಿ ನಿಂತುಬಿಡ್ತು. ಮೆಕ್ಯಾನಿಕ್ ಎರಡೇ ಬೀದಿ ಆಚೆಗಿದ್ದ. ಒತ್ತಿದ್ರೆ ಐದು ನಿಮಿಷಕ್ಕೆ ಎಲ್ಲಾ ಮುಗೀತು.

ಅವಳು ಒತ್ತಲಿಲ್ಲ.

ಹನ್ನೆರಡಕ್ಕೆ ಹದಿಮೂರು ಸಲ ಹೊಡಿಯೋ ಗಡಿಯಾರದ ಕತೆ ಹೇಳಿದ್ರು ಅವರು. ಅಕ್ಕ ಬಿದ್ದು ಬಿದ್ದು ನಕ್ಕಳು. ಹತ್ತು ನಿಮಿಷ ಆಯ್ತು, ಹದಿನೈದಾಯ್ತು. ಆಮೇಲೆ ಅವರು ಮಾತಿನ ಮಧ್ಯೆ ಉಸಿರು ಎಳ್ಕೊಳ್ಳೋಕೆ ಶುರು ಮಾಡಿದ್ರು.

"ಮೇಡಂ, ಸೆಕೆ ತಡಿಯೋಕಾಗ್ತಿಲ್ಲ. ಮೆಕ್ಯಾನಿಕ್ ಹೊರಟ್ರಾ?"

ಅಕ್ಕ ತಕ್ಷಣ ಬಟನ್ ಒತ್ತಿದ್ಲು. "ಈಗ ಕಳಿಸ್ದೆ. ಮೊದಲೇ ಕಳಿಸಿರಲಿಲ್ಲ ನಾನು. ಸೋಮವಾರದಿಂದ ಇಲ್ಲಿ ಮೆಷಿನ್ ಮಾತಾಡುತ್ತೆ. ಅದಕ್ಕೇ..."

ಆ ಕಡೆಯಿಂದ ಪ್ರಶ್ನೆ ಬಂತು.

"ಮೆಷಿನ್ ಹಿಂಗೆ ಮಾಡುತ್ತಾ?"

"ಇಲ್ಲ. ಅದಾಗಿದ್ರೆ ನೀವು ಇಷ್ಟೊತ್ತಿಗೆ ಹೊರಗಿರ್ತಿದ್ರಿ. ನಿಮಗೆ ಅದೇ ಒಳ್ಳೇದು."

"ಇರಬಹುದು," ಅಂದ್ರು.

ಐದು ನಿಮಿಷಕ್ಕೆ ಬಾಗಿಲು ಕಿರ್ರಂತು. "ಬನ್ನಿ ಸಾರ್," ಮೆಕ್ಯಾನಿಕ್ ಕರೆದ.

"ಒಂದ್ನಿಮಿಷ ಇರಪ್ಪಾ."

ಅವರು ಹೊರಗೆ ಹೋಗಲಿಲ್ಲ. ಮಾತಾಡೋಕೆ ಅಂತಲೇ ಅಷ್ಟು ಹೊತ್ತು ಕದ್ದಿದ್ದ ಅಕ್ಕನಿಗೆ ಈಗ ನಾಲಿಗೆ ಏಳ್ತಿಲ್ಲ.

"ಬರ್ತೀನಿ ಮೇಡಂ."

"ಹೂಂ, ಬನ್ನಿ."