ಮರಣದ ಸ್ಥಳ: ಮನೆ

ಅಂಕೋಲೆಯ ಶಾಂತಾರಾಮ ಡಾಕ್ಟರ ನರ್ಸಿಂಗ್ ಹೋಮಿನಲ್ಲಿ ನಾಲ್ಕು ವರ್ಷಗಳಿಂದ ಒಬ್ಬರೂ ಸತ್ತಿರಲಿಲ್ಲ. ಯಮರಾಯ ಬಾಗಿಲಿನವರೆಗೆ ಬಂದು, ಬೋರ್ಡು ಓದಿ, ಕೈಮುಗಿದು ವಾಪಸಾಗುತ್ತಿದ್ದನೋ ಏನೋ! ಕಾರವಾರದ ಕಚೇರಿಯಲ್ಲಿ ಜಿಲ್ಲೆಯ ಆಸ್ಪತ್ರೆಗಳ ಅಂಕಿಅಂಶ ಬರೆಯುವ ರಾಮನಾಥ ಪ್ರತಿ ವರ್ಷ ಅವರ ಹೆಸರಿನ ಮುಂದೆ ಕೈಯಾರೆ ಸೊನ್ನೆ ಹಾಕಿದ್ದ. ಅವನ ತಂಗಿ ಗಂಗೂಳ ಗರ್ಭಕೋಶ ತೆಗೆದದ್ದು ಅದೇ ಡಾಕ್ಟರು. ತೆಗೆದ ಮೂರನೆಯ ದಿನ ಅವಳು ಹೋದಳು.

ಇದೆಲ್ಲ ಹೇಗೆ ಸಾಧ್ಯ ಎಂದು ಹೊರಗಿನವರು ಕೇಳಬಹುದು. ಈ ಕಡೆಯ ಜನಕ್ಕೆ ಪ್ರಾಣ ಹೋಗುವುದಾದರೆ ಸ್ವಂತ ಹೊಸಿಲೊಳಗೆ ಹೋಗಬೇಕು, ಬಾಯಿಗೆ ಮನೆಯವರ ಕೈಯ ತುಳಸಿ ನೀರು ಬೀಳಬೇಕು. ಡಾಕ್ಟರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೈಮೀರಿತೆಂದು ಕಂಡ ಕೂಡಲೇ, "ಇನ್ನೂ ಉಸಿರಿದೆ, ಈಗಲೇ ಮನೆಗೆ ಕರ್ಕೊಂಡು ಹೋಗಿ, ನಿಮ್ಮ ಕೈಯ ನೀರು ಸಿಗಲಿ" ಎಂದು ಮೆತ್ತಗೆ ಹೇಳಿ ತಮ್ಮ ಆಂಬ್ಯುಲೆನ್ಸಿನಲ್ಲೇ ಕಳಿಸುತ್ತಿದ್ದರು. ಮನೆಯವರು ದೇವರಂಥ ಡಾಕ್ಟರೆಂದು ಕಣ್ಣೀರು ಹಾಕಿ ಬರುತ್ತಿದ್ದರು. ಪಂಚಾಯತಿಯ ಪುಸ್ತಕದಲ್ಲಿ ಮರಣದ ಸ್ಥಳ ಮನೆ ಎಂದಾಗುತ್ತಿತ್ತು. ಆಸ್ಪತ್ರೆಯ ಪುಸ್ತಕ ಹಾಲಿನಷ್ಟು ಬೆಳ್ಳಗೆ ಉಳಿಯುತ್ತಿತ್ತು.

೨೦೦೬ರಲ್ಲಿ ಬೆಂಗಳೂರಿನಿಂದ ಅಧ್ಯಯನದ ತಂಡವೊಂದು ಬಂತು. ಆಪರೇಷನ್ ಆದಮೇಲೆ ಯಾರ ಕೈಯಲ್ಲಿ ಎಷ್ಟು ಜನ ಸಾಯುತ್ತಾರೆಂದು ಲೆಕ್ಕ ತೆಗೆದು, ಅತಿಯಾದವರನ್ನು ವಿಚಾರಣೆಗೆ ಎಳೆಯುವುದು, ಬೇಕಾದರೆ ನೋಂದಣಿಯನ್ನೇ ರದ್ದು ಮಾಡಿಸುವುದು ಅವರ ಉದ್ದೇಶ. ಮುಖ್ಯಸ್ಥ ಹರಿಶ್ಚಂದ್ರರು ಮಾತುಗಾರರು.

"ದೂರು ಕೊಟ್ಟರೆ ಡಾಕ್ಟರು ವಕೀಲರನ್ನ ಇಡ್ತಾರೆ ರಾಮನಾಥರೇ. ಅಂಕಿಯ ಮುಂದೆ ಯಾವ ವಕೀಲ ನಿಲ್ತಾನೆ?"

ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ಸತ್ತವರ ವಿಷಯವನ್ನು ರಾಮನಾಥ ತಿಳಿಸಿದ. ಅವರು ಒಪ್ಪಿದರು. ಆಸ್ಪತ್ರೆಯಲ್ಲೋ ದಾರಿಯಲ್ಲೋ ಪ್ರಾಣ ಹೋಗಿತ್ತೆಂದು ಮನೆಯ ಇಬ್ಬರು ಬರೆದು ಸಹಿ ಹಾಕಿಕೊಟ್ಟರೆ ಅದನ್ನು ಆಸ್ಪತ್ರೆಯ ಲೆಕ್ಕಕ್ಕೇ ಹಿಡಿಯುತ್ತೇವೆ ಎಂದರು.

ಕಳೆದ ನಾಲ್ಕು ವರ್ಷದಲ್ಲಿ ಶಾಂತಾರಾಮ ಡಾಕ್ಟರು ಕೊಯ್ದು ಕಳಿಸಿದ ಮೇಲೆ ಸಾವು ಕಂಡ, ತನ್ನದನ್ನು ಬಿಟ್ಟು ಇನ್ನೂ ಹನ್ನೊಂದು ಮನೆಗಳನ್ನು ರಾಮನಾಥ ಹುಡುಕಿದ. ರಜೆ ಹಾಕಿ ದೇವಬಾಗಕ್ಕೆ ಹೋದ, ಕಿನ್ನರಕ್ಕೆ ಹೋದ. ಎಲ್ಲರೂ ಚಹಾ ಕೊಟ್ಟರು, ಸೈ ಮಾತ್ರ ಕೊಡಲಿಲ್ಲ. ಅವನದೇ ಊರು ಅವರ್ಸಾದಲ್ಲಿ ಹೆಂಡತಿಯನ್ನು ಕಳಕೊಂಡಿದ್ದ ಬೀರು ಅಂಗಳದಲ್ಲಿ ನಿಂತೇ ಮಾತಾಡಿದ.

"ಮನೇಲಿ ನೀರು ಕುಡ್ದೇ ಹೋದ್ಳು ಅಂತ ಊರಿಗೆಲ್ಲಾ ಹೇಳಾಗದೆ ಒಡ್ಯಾ. ಈಗ ದಾರೀಲೇ ಸತ್ತಿದ್ಳು ಅಂತ ಬರ್ದ್ರೆ ನನ್ ಮಕ್ಳು ಎಂತಾ ತಿಳ್ಕಂಬೂದು?" ಆಮೇಲೆ ರಾಮನಾಥನ ಮುಖವನ್ನೇ ನೋಡುತ್ತ ಕೇಳಿದ: "ಅಲ್ಲಾ, ನಿಮ್ ತಂಗೀದು ನೀವು ಎಂತಾ ಬರ್ಸಿದ್ರಿ?"

ರಾಮನಾಥ ಕಾಗದ ಮಡಚಿ ಕಿಸೆಗೆ ಹಾಕಿಕೊಂಡ. ಮನೆ ಎಂದೇ ಬರೆಸಿದ್ದ. ಗಂಗೂಳ ಕೈ ಅವನ ಕೈಯೊಳಗೆ ತಣ್ಣಗಾದದ್ದು ಹಟ್ಟಿಕೇರಿ ಸೇತುವೆಯ ಮೇಲೆ, ಮನೆ ಇನ್ನೂ ಎರಡು ಮೈಲಿ ಇರುವಾಗ. ಅವನು ಯಾರಿಗೂ ಹೇಳಲಿಲ್ಲ. ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದ ಆಯಿಯ ಮುಖ ನೋಡಿ ಹೇಳುವ ಧೈರ್ಯವೂ ಬರಲಿಲ್ಲ. ಅವಳು ಮಗಳ ಬಾಯಿಗೆ ನೀರು ಬಿಟ್ಟಳು. ನೀರು ತುಟಿಯ ಬದಿಯಿಂದ ಇಳಿದು ಕುತ್ತಿಗೆಗೆ ಹೋಯಿತು. "ಕುಡೀತು, ಕುಡೀತು ನನ್ ಕೂಸು" ಎಂದಳು ಆಯಿ. ಮೂರು ವರ್ಷದಿಂದ ಬಂದುಹೋದವರಿಗೆಲ್ಲ ಅದನ್ನೇ ಹೇಳಿಕೊಂಡು ಬದುಕಿದ್ದಳು.

ಮನೆಯಲ್ಲಿ ಉಳಿದವರು ಅವರಿಬ್ಬರೇ. ಒಂದು ಸೈ ಅವನದು, ಇನ್ನೊಂದು ಆಯಿಯದೇ ಆಗಬೇಕು. ತಾನು ಹಾಕದೆ ಬೀರೂಗೆ ಹಾಕು ಎನ್ನಲು ಯಾವ ಮುಖ?

ಆಯಿ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ಎಲ್ಲ ಹೇಳಿದ, ಸೇತುವೆಯನ್ನೂ ಬಿಡದೆ. ಅವಳ ಕೈ ನಿಂತಿತು. ಕಾಗೆಗಳು ಬಂದು ಮೀನು ಎತ್ತತೊಡಗಿದರೂ ಓಡಿಸಲಿಲ್ಲ.

"ಹಾಂಗಾರೆ ಅದು ಕುಡೀಲಿಲ್ವಾ?"

"ಇಲ್ಲ ಆಯಿ."

"ನಂಗೆ ಎಂತಕ್ಕೆ ಹೇಳ್ದೆ ಮಗಾ ಈಗ?"

"ಆ ಡಾಕ್ಟರನ್ನ ನಿಲ್ಸೂಕೆ. ಇನ್ನೊಬ್ರ ಮನೆ ಹುಡುಗಿ ಹೀಂಗೆ ಹೋಗ್ಬಾರ್ದು ಅಂತ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಹೆಬ್ಬೆಟ್ಟು ಚಾಚಿದಳು. ಅಂದಿನಿಂದ ಬಂದವರ ಮುಂದೆ ಗಂಗೂಳ ಮಾತು ತೆಗೆಯುವುದನ್ನೇ ಬಿಟ್ಟಳು. ರಾಮನಾಥ ಆ ಕಾಗದ ಹಿಡಿದು ಮತ್ತೆ ಹನ್ನೊಂದು ಮನೆ ತಿರುಗಿದ. ಒಬ್ಬರೂ ಕರಗಲಿಲ್ಲ. ಕೊನೆಗೆ ಆ ಒಂದನ್ನೇ ಬೆಂಗಳೂರಿಗೆ ಕಳಿಸಿದ.

ಮರುವರ್ಷ ವರದಿ ಬಂತು. ಸಾವನ್ನು ಮುಚ್ಚಿಡದೆ ಬರೆದಿದ್ದ ಎರಡು ನರ್ಸಿಂಗ್ ಹೋಮುಗಳ ಮುಂದೆ ಆರು, ಒಂಬತ್ತು ಎಂದಿತ್ತು. ಅವರಿಗೆ ವಿಚಾರಣೆಯ ನೋಟಿಸು. ಶಾಂತಾರಾಮ ಡಾಕ್ಟರ ಮುಂದೆ ಒಂದು. ಜಿಲ್ಲೆಗೇ ಮಾದರಿ ಎಂಬ ಷರಾ. ಉಳಿದವರನ್ನು ತಪಾಸಣೆ ಮಾಡುವ ಸಮಿತಿಗೆ ಅವರೇ ಅಧ್ಯಕ್ಷರು.

ರಾಮನಾಥ ಫೋನ್ ಮಾಡಿದ. ಹರಿಶ್ಚಂದ್ರರು ಖುಷಿಯಲ್ಲಿದ್ದರು.

"ನಿಮ್ಮದು ದೊಡ್ಡ ಉಪಕಾರ ಆಯ್ತು ರೀ. ಸೊನ್ನೆ ಅಂತಿದ್ದರೆ ನಾವು ನಂಬ್ತಿರಲಿಲ್ಲ, ಎಲ್ಲೋ ಮುಚ್ಚಿಟ್ಟಿದ್ದಾರೆ ಅಂತ ತನಿಖೆ ಮಾಡಿಸ್ತಿದ್ವಿ. ಒಂದು ಇದೆ ಅಂದಮೇಲೆ ಲೆಕ್ಕ ಪ್ರಾಮಾಣಿಕ ಅಂತಾಯ್ತು."

"ಇನ್ನೂ ಹನ್ನೊಂದಿದೆ ಸರ್."

"ಸೈ ಇದೆಯಾ?"

ಸೈ ಇರಲಿಲ್ಲ. ತಂಗಿಯನ್ನು ಕೊಂದವನಿಗೆ ತಾನೇ ತಂಗಿಯ ಹೆಣದಿಂದ ಪ್ರಮಾಣಪತ್ರ ಬರೆದುಕೊಟ್ಟೆನಲ್ಲ ಎಂದು ರಾಮನಾಥನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸಂಜೆ ಮನೆಗೆ ಬಂದಾಗ ಅವನ ಕೈಯಲ್ಲಿದ್ದ ವರದಿಯನ್ನು ಆಯಿ ನೋಡಿದಳು.

"ನಮ್ ಗಂಗೂ ಅದೆಯಾ ಅದ್ರಲ್ಲಿ?"

ಅವನು ಆ ಒಂದರ ಮೇಲೆ ಬೆರಳಿಟ್ಟು ತೋರಿಸಿದ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಡಾಕ್ಟರಿಗೆ ಎಂತಾ ಮಾಡಿದ್ರು?"

ಸುಳ್ಳು ಹೇಳಬಹುದಿತ್ತು. ಒಮ್ಮೆ ಹೇಳಿ ಮೂರು ವರ್ಷ ಅವಳನ್ನು ಬದುಕಿಸಿದ್ದನಲ್ಲ. ಆದರೆ ಆ ಮನೆಯಲ್ಲಿ ಈಗ ಸುಳ್ಳಿಗೂ ಜಾಗ ಉಳಿದಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ.

ಆಯಿ ಅಳಲಿಲ್ಲ. ಒಳಗೆ ಹೋಗಿ ಅದೇ ತಂಬಿಗೆ ತಂದು ಅವನ ಮುಂದಿಟ್ಟಳು.

"ಹಾಂಗಾರೆ ಅದು ಕುಡ್ದಿತ್ತು ಅಂತ ಹೇಳು ಮಗಾ," ಎಂದಳು. "ನನ್ ಕೈ ನೀರು ಕುಡ್ದೇ ಹೋಯ್ತು ಅಂತ ಮತ್ತೊಂದ್ಸಲ ಹೇಳು."

ರಾಮನಾಥ ಹೇಳಿದ. ಅವಳು ನಂಬಲಿಲ್ಲ.