ಬಾಕಿಸಿಯೊ ಹೊಡೆದ ಹಡಗು

ಇಟಲಿಯ ಸಾರ್ಡಿನಿಯಾ ದ್ವೀಪದ ನಮ್ಮೂರಿನ ಕಡಲ ಬಂಡೆಯ ಮೇಲೆ ಎರಡನೇ ಮಹಾಯುದ್ಧದ ಕಾಲದ ಫಿರಂಗಿಗಳು ಇನ್ನೂ ನೀರಿಗೆ ಮುಖ ಮಾಡಿ ನಿಂತಿವೆ. ಊರವರು ತುಕ್ಕು ಕೆರೆದು, ಬಣ್ಣ ಬಳಿದು ಅವನ್ನು ಉಳಿಸಿಕೊಂಡಾಗ, ನೋಡಲು ಬಂದವರಿಗೆ ವಿವರಿಸುವ ಕೆಲಸ ಬಾಕಿಸಿಯೊನ ಪಾಲಿಗೆ ಬಂತು. ಹರೆಯದಲ್ಲಿ ಅವುಗಳಿಂದ ಹಡಗುಗಳಿಗೆ ಗುರಿ ಹಿಡಿಯುತ್ತಿದ್ದವನೇ ಅವನು.

"ಇದರಿಂದಲೇ ಇಂಗ್ಲಿಷರ ಹಡಗಿನ ಹೊಗೆಕೊಳವೆಗಳನ್ನ ಹಾರಿಸಿದೆ," ಎಂದು ಅವನು ಶುರುಮಾಡಿದರೆ, ಟಿಕೆಟ್ ಹರಿಯುತ್ತಿದ್ದ ಹೆಂಡತಿ ಪಿಯೆರಿನಾ ಕೂತಲ್ಲಿಂದಲೇ ಕೆಣಕುತ್ತಿದ್ದಳು. "ಹೋದ ವರ್ಷ ಒಂದೇ ಕೊಳವೆ ಇತ್ತಲ್ಲ ಮಾರಾಯ? ಹಡಗೂ ಬೆಳೆಯುತ್ತೇನು?"

"ನೀನು ಟಿಕೆಟ್ ಹರಿ."

ಊರಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು. ಗುಂಡು ತಾಗಿತು ಎಂದು ಬೆನ್ನು ತಟ್ಟಿದವನು ಅವನ ಪಡೆಯ ಕ್ಯಾಪ್ಟನ್. ಹೊಗೆಯಲ್ಲಿ ಬಾಕಿಸಿಯೊಗೆ ಏನೂ ಕಂಡಿರಲಿಲ್ಲ. ಹೀಗೆ ಜಂಬ ಕೊಚ್ಚುವ ಗಂಡ, ಪ್ರತಿ ಆಗಸ್ಟಿನಲ್ಲಿ ಇಗರ್ಜಿಗೆ ಹೋಗಿ, ಆ ಹಡಗಿನಲ್ಲಿ ಸತ್ತವರಿಗಾಗಿ ಮೇಣದಬತ್ತಿ ಹಚ್ಚಿ ಬರುತ್ತಿದ್ದ. ಆ ವಿಷಯದಲ್ಲಿ ಮಾತ್ರ ಅವಳು ಎಂದೂ ಕೀಟಲೆ ಮಾಡಲಿಲ್ಲ.

ಒಂದು ಬೇಸಿಗೆಯಲ್ಲಿ ವಿಲ್ಫ್ರೆಡ್ ಎಂಬ ಇಂಗ್ಲಿಷ್ ಮುದುಕ ಮಗಳೊಂದಿಗೆ ಬಂದ. ಅವಳು ಬಾಕಿಸಿಯೊನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ಮುದುಕ ತಾರೀಖು ಕೇಳಿದ, ಹಡಗಿನ ಆಕಾರ ಕೇಳಿದ, ಆಮೇಲೆ ಏನೋ ಹೇಳಿ ನಕ್ಕ.

ಮಗಳು ಸಂಕೋಚದಿಂದಲೇ ಇಟಾಲಿಯನ್‌ನಲ್ಲಿ ತಿಳಿಸಿದಳು. "ಅಪ್ಪ ಅದೇ ಹಡಗಿನಲ್ಲಿ ಅಡುಗೆಯವರಾಗಿದ್ದರಂತೆ. ಗುಂಡು ಪಕ್ಕದಲ್ಲಿ ನೀರಿಗೆ ಬಿತ್ತಂತೆ. ಚಿಮ್ಮಿದ ನೀರು ಅಡುಗೆಕೋಣೆಗೆ ನುಗ್ಗಿ ಸಾರೆಲ್ಲ ಉಪ್ಪಾಯಿತಂತೆ. ಎಲ್ಲರೂ ಬೈದದ್ದು ನಿಮಗಲ್ಲ, ಅಪ್ಪನಿಗೆ."

ಸುತ್ತಲಿದ್ದವರು ನಕ್ಕರು. ಬಾಕಿಸಿಯೊ ನಗಲಿಲ್ಲ.

"ಯಾರೂ ಸಾಯಲಿಲ್ಲವಾ?"

"ಇಲ್ಲ."

"ಸರಿಯಾಗಿ ಕೇಳಮ್ಮ. ಒಬ್ಬರೂ?"

ವಿಲ್ಫ್ರೆಡ್ ಈ ಸಲ ನಗದೆ ತಲೆಯಾಡಿಸಿದ. ಒಬ್ಬರೂ ಇಲ್ಲ.

ಬಾಕಿಸಿಯೊ ಸಿಮೆಂಟು ಮೆಟ್ಟಿಲ ಮೇಲೆ ಕೂತುಬಿಟ್ಟ. ಪಿಯೆರಿನಾ ಟಿಕೆಟ್ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಇದ್ದಳು.

"ಯುದ್ಧದಲ್ಲಿ ನೀನು ಕೆಡಿಸಿದ್ದು ಒಂದು ಪಾತ್ರೆ ಸಾರು," ಅಂದಳು ಕೊನೆಗೆ. "ನಮ್ಮನೇಲಿ ಅದಕ್ಕಿಂತ ಜಾಸ್ತಿ ಕೆಡಿಸಿದ್ದೀಯ."

ಅವನು ನಗುತ್ತ ಕಣ್ಣೊರೆಸಿಕೊಂಡ. ಎದ್ದು ವಿಲ್ಫ್ರೆಡ್‌ನ ಕೈ ಹಿಡಿದವನು ಬಿಡಲೇ ಇಲ್ಲ, ಊಟಕ್ಕೆ ಮನೆಗೇ ಕರೆದುಕೊಂಡು ಹೋದ.

ಊಟವಾದ ಮೇಲೆ ಇಬ್ಬರೂ ಅಂಜೂರದ ಮರದಡಿ ಇಸ್ಪೀಟಿಗೆ ಕೂತರು. ಒಬ್ಬನ ಭಾಷೆ ಇನ್ನೊಬ್ಬನಿಗೆ ಬಾರದು. ಆದರೂ ಯಾರು ಎಲೆ ಕದ್ದರು ಎಂದು ಸಂಜೆಯವರೆಗೆ ಜಗಳವಾಡಿದರು.