ವಿಚಾರಿಸೋಕೆ ಬಂದವರು

ಸೈನ್ಯದ ಟ್ರಕ್ಕು ಲಡಾಖಿನ ಕಣಿವೆಗೆ ಉರುಳಿದಾಗ ಹವಾಲ್ದಾರ್ ಚೆನ್ನರಾಯಪ್ಪನ ಪ್ರಾಣ ಉಳಿಯಿತು, ಬೆನ್ನು ಉಳಿಯಲಿಲ್ಲ. ವೈದ್ಯಕೀಯ ಮಂಡಳಿಯ ದೊಡ್ಡವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಶೇಕಡಾ ಹದಿನೈದು ಊನ ಎಂದು ಬರೆದರು. ಅಂಗವೈಕಲ್ಯದ ಪಿಂಚಣಿಗೆ ಇಪ್ಪತ್ತಾದರೂ ಬೇಕು. ಮಗ್ಗುಲು ಬದಲಿಸಲು ಗೋಡೆ ಹಿಡಿಯುವವನಿಗೆ ಹದಿನೈದಂತೆ! ಮೈಯೆಲ್ಲ ಉರಿದುಹೋಗಿ ಅವನು ಮೇಲ್ಮನವಿ ಹಾಕಿ, ಕೆಂಚಾರ್ಲಹಳ್ಳಿಯ ಮನೆಯಲ್ಲಿ ಕಾಯುತ್ತಿದ್ದ.

ಬೆನ್ನಿನ ಸಂಗತಿ ಊರಿಗೆ ಗೊತ್ತಾಗಕೂಡದಿತ್ತು. ಮಗಳು ಯಾಮಿನಿಗೆ ಬಂದಿದ್ದ ಒಳ್ಳೆಯ ಸಂಬಂಧವೊಂದು, ಹುಡುಗಿಯ ಅಪ್ಪ ನಾಳೆ ಹಾಸಿಗೆ ಹಿಡಿದರೆ ಅಳಿಯನ ತಲೆಗೇ ಬರುತ್ತದೆ ಎಂಬ ಮಾತಿನಿಂದ ಮುರಿದುಬಿದ್ದಿತ್ತು. ಅಂದಿನಿಂದ ಅವನು ಸೊಂಟದ ಬೆಲ್ಟನ್ನು ಅಂಗಿಯೊಳಗೆ ಬಿಗಿದು, ಬೀದಿಯಲ್ಲಿ ಪೆರೇಡಿನ ನಡಿಗೆ ನಡೆಯುತ್ತಿದ್ದ. "ಯಾರು ಕೇಳಿದ್ರೂ ನಂಗೇನೂ ಆಗಿಲ್ಲ ಅನ್ನಮ್ಮ," ಎಂದು ತಾಯಿ ಅಕ್ಕಯ್ಯಮ್ಮನಿಗೂ ಹೇಳಿಕೊಟ್ಟಿದ್ದ. ಗಂಡಿನ ಕಡೆಯವರು ಹೇಳದೆ ಕೇಳದೆ ಬಂದು ಹೆಣ್ಣಿನ ಮನೆಯ ಬಗ್ಗೆ ವಿಚಾರಿಸಿಕೊಂಡು ಹೋಗುವುದು ಈ ಸೀಮೆಯಲ್ಲಿ ಹೊಸದೇನಲ್ಲ.

ಅವತ್ತು ಇಸ್ತ್ರಿ ಅಂಗಿಯವರೊಬ್ಬರು ಬಂದು ಜಗಲಿಯಲ್ಲಿ ಕೂತರು. "ನಿಮ್ಮ ಮಗನ ವಿಷಯ ಸ್ವಲ್ಪ ವಿಚಾರಿಸಬೇಕಿತ್ತಮ್ಮ," ಎಂದರು. ಅಕ್ಕಯ್ಯಮ್ಮನ ಮುಖ ಅರಳಿತು. "ಬೆನ್ನು ನೋವಂತೆ?" ಎಂದು ಬಂದವರು ಕೇಳಿದರು.

"ಯಾರಪ್ಪ ಹಂಗಂದೋರು? ಹೊಟ್ಟೆಕಿಚ್ಚಿನ ಜನ! ಹಿಪ್ಪುನೇರಳೆ ಸೊಪ್ಪಿನ ಹೊರೆ ಒಬ್ನೇ ಹೊರ್ತಾನೆ ನನ್ ಮಗ. ಕೂತ್ಕೊಂಡಿರಿ, ಕಾಫಿ ತರ್ತೀನಿ," ಎಂದು ಆಕೆ ಅಡುಗೆಮನೆಗೆ ಓಡಿದಳು.

ಒಳಗೆ ಚಾಪೆಯ ಮೇಲೆ ಬಿದ್ದಿದ್ದ ಚೆನ್ನರಾಯಪ್ಪನಿಗೆ ಎಲ್ಲ ಕೇಳಿಸಿತು. ಬರೀ ಮಾತು ಸಾಲದು ಎನಿಸಿತು. ಹಲ್ಲು ಕಚ್ಚಿ ಎದ್ದು, ಬೆಲ್ಟು ಬಿಗಿದು, ಎದೆ ಸೆಟೆಸಿ ಹೊರಗೆ ಬಂದ. ಅಂಗಳದಲ್ಲಿದ್ದ ಸೊಪ್ಪಿನ ಹೊರೆಯನ್ನು ಒಂದೇ ಏಟಿಗೆ ಹೆಗಲಿಗೆತ್ತಿ, ರೇಷ್ಮೆಹುಳದ ಮನೆಯ ಬಾಗಿಲಲ್ಲಿ ಇಳಿಸಿದ. ಕಣ್ಣಿಗೆ ಕತ್ತಲೆ ಕವಿಯಿತು. ಆದರೂ ನಕ್ಕ. ಮಗಳಿಗಾಗಿ ಇಷ್ಟಾದರೂ ಮಾಡಿದೆನಲ್ಲ ಎಂಬ ಹೆಮ್ಮೆ ಬೇರೆ, ಪಾಪ.

ಬಂದವರು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. "ಸಂತೋಷ ಹವಾಲ್ದಾರ್ರೇ. ನಾನು ನಿಮ್ಮ ಪಿಂಚಣಿ ಅಪೀಲಿನ ವಿಚಾರಣೆಗೆ ಬಂದೋನು."

ಚೆನ್ನರಾಯಪ್ಪ ಬೀದಿಗೆ ಕಾಣದಂತೆ ಬಾಗಿಲ ಮರೆಗೆ ಸರಿದ. ಅಂಗಿ ಎತ್ತಿ ಬೆಲ್ಟು ತೋರಿಸಿ, ದನಿ ತಗ್ಗಿಸಿ ಹೇಳಿದ. "ಸಾರ್, ಹುಡುಗನ ಕಡೆಯೋರು ಅಂದ್ಕೊಂಡೆ ಸಾರ್. ನಿಜವಾಗ್ಲೂ ನಂಗೆ ಬಗ್ಗೋಕಾಗಲ್ಲ."

"ಬೆಲ್ಟ್‌ಗಿಂತ ಮುಂಚೆ ಹೊರೆ ನೋಡಿಬಿಟ್ಟೆನಲ್ಲಪ್ಪ. ಕಂಡಿದ್ದನ್ನ ಬರೀಬೇಕು ನಾನು," ಎಂದು ಅವರು ಬೈಕ್ ಹತ್ತಿದರು. ಕೂಗಿ ನಿಲ್ಲಿಸೋಣವೆಂದರೆ ಎದುರು ಜಗಲಿಯಲ್ಲಿ ಊರಿನವರು ಕೂತು ಇತ್ತಲೇ ನೋಡುತ್ತಿದ್ದರು. ಸರ್ಕಾರಕ್ಕೆ ಮುರಿದ ಬೆನ್ನು ಬೇಕು, ಬೀಗರಿಗೆ ನೆಟ್ಟಗಿನ ಬೆನ್ನು ಬೇಕು. ಇರುವುದೊಂದೇ ಬೆನ್ನಿನಲ್ಲಿ ಅವನಾದರೂ ಏನು ಮಾಡಿಯಾನು!

ಅಕ್ಕಯ್ಯಮ್ಮ ಕಾಫಿ ಲೋಟ ಹಿಡಿದು ಬಂದಾಗ ಮಗ ಸೊಪ್ಪಿನ ಪಕ್ಕ ಮಂಡಿಯೂರಿ ಕೂತಿದ್ದ.

"ಹೊರಟೇಬಿಟ್ರಾ? ಒಪ್ಪಿಗೆ ಆಯ್ತಂತೇನಪ್ಪ ಅವರಿಗೆ?"

"ಆಯ್ತಮ್ಮ. ನನ್ ಬೆನ್ನು ಬಹಳ ಚೆನ್ನಾಗಿದೆಯಂತೆ."

ಆಕೆ ಹಿಗ್ಗಿನಿಂದ ಕೈ ನೀಡಿದಳು. ಅವನು ತಲೆಯಾಡಿಸಿದ.

"ತಾಳಮ್ಮ. ಎದುರಿನೋರು ಒಳಗೆ ಹೋಗ್ಲಿ. ಆಮೇಲೆ ನನ್ನ ಎಬ್ಬಿಸುವಂತೆ."